ಆರೋಗ್ಯ ವಿಮೆ: ಕೋಟಿಯ ಮಾತು ಬದಿಗಿರಲಿ, ಕಡಿತಗಳನ್ನು ಹೋಲಿಸಿ

ಆರೋಗ್ಯ ವಿಮೆ ಕೊಳ್ಳಲು ಹೊರಟವರು ಮೊದಲು ಕೇಳುವುದು ಪ್ರೀಮಿಯಂ ಎಷ್ಟು ಎಂದು. ಆಮೇಲೆ, ಎಷ್ಟು ಲಕ್ಷದ ಪಾಲಿಸಿ ಎಂದು. ಎರಡಕ್ಕೂ ಉತ್ತರ ಜಾಹೀರಾತಿನಲ್ಲೇ ದಪ್ಪ ಅಕ್ಷರಗಳಲ್ಲಿ ಸಿಗುತ್ತದೆ. ಮೂರನೆಯ ಪ್ರಶ್ನೆ ಹುಟ್ಟುವುದು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ, ಬಿಲ್ ಕೌಂಟರಿನ ಮುಂದೆ: ‘ಪಾಲಿಸಿ ಐದು ಲಕ್ಷದ್ದು, ಬಿಲ್ ಮೂರು ಲಕ್ಷ. ಹಾಗಿದ್ದೂ ನಾನು ಮುಕ್ಕಾಲು ಲಕ್ಷ ಕಟ್ಟಬೇಕೇ?’ ಈ ಪ್ರಶ್ನೆಯನ್ನು ಕೊಳ್ಳುವ ದಿನವೇ ಕೇಳಿದವರಿಗೆ ಪಾಲಿಸಿಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುತ್ತದೆ. ಉಳಿದದ್ದೆಲ್ಲ ಬಣ್ಣದ ಕಾಗದ.

ಮನೆಯಲ್ಲಿ ಈಗಾಗಲೇ ಏನಿದೆ?

ಕರ್ನಾಟಕದ ಎಷ್ಟೋ ಮನೆಗಳಿಗೆ ಒಂದಲ್ಲ ಒಂದು ರಕ್ಷಣೆ ಮೊದಲೇ ಇರುತ್ತದೆ. ಅದನ್ನು ನೋಡಿಕೊಳ್ಳದೆ ಖಾಸಗಿ ಪಾಲಿಸಿಗೆ ಹೋಗುವುದು ದುಡ್ಡಿನ ದುರ್ವ್ಯಯ.

ತಿಂಗಳ ವೇತನ 21,000 ರೂಪಾಯಿ ಮೀರದ, ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ ಆ ಸೌಲಭ್ಯ ಕುಟುಂಬ ಸಮೇತ ಸಿಗುತ್ತದೆ. ವೇತನದಿಂದ ಶೇ 0.75 ಮುರಿದುಕೊಂಡು, ಮಾಲೀಕರು ಶೇ 3.25 ಸೇರಿಸುತ್ತಾರೆ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಸಿಗುವುದು ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು ಎಂಬುದು ಈ ಯೋಜನೆಯ ದೊಡ್ಡ ಷರತ್ತು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲರಿಗೂ, ಆದಾಯ ನೋಡದೆ, ವಿಸ್ತರಿಸಿತು. ನಿಮ್ಮ ಊರಿನಲ್ಲಿ ಯಾವ ಆಸ್ಪತ್ರೆ ಆ ಕಾರ್ಡನ್ನು ಒಪ್ಪುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನೇ ಕೇಳಿ ತಿಳಿಯಬೇಕು.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತುಹೋಗಿ, 2023ರ ಜನವರಿಯಿಂದ ಮತ್ತೆ ನಡೆಯುತ್ತಿರುವ ಯೋಜನೆ ಇದು. ಮತ್ತೆ ಆರಂಭವಾದಾಗ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ವಂತಿಗೆ ನಿಗದಿಯಾಗಿತ್ತು. ರಕ್ಷಣೆ ಐದು ಲಕ್ಷದವರೆಗೆ. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಒಪ್ಪಂದದ ಆಸ್ಪತ್ರೆಗಳಲ್ಲಿ ಮಾತ್ರ ಎಂಬ ಮಿತಿ ಇದ್ದರೂ ಆ ಹಣಕ್ಕೆ ಮಾರುಕಟ್ಟೆಯಲ್ಲಿ ಬೇರೆ ಏನೂ ಸಿಗುವುದಿಲ್ಲ. ಹೊಲ–ಹೈನುಗಾರಿಕೆಯ ಮನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ಸೊಸೈಟಿಯಲ್ಲಿ ನೋಂದಣಿ ಯಾವಾಗ ತೆರೆಯುತ್ತದೆ ವಿಚಾರಿಸಿ, ಆಮೇಲೆ ಖಾಸಗಿ ಪಾಲಿಸಿಯ ಮಾತು.

ಕಂಪನಿ ಕೊಡುವ ಗುಂಪು ವಿಮೆ ನಾಲ್ಕನೆಯದು. ಬೆಂಗಳೂರಿನ ಐಟಿ ನೌಕರರು ಇದನ್ನೇ ನಂಬಿ ಕುಳಿತಿರುತ್ತಾರೆ. ಸಾಮಾನ್ಯವಾಗಿ ಕಾಯುವ ಅವಧಿಯಿಲ್ಲದ, ಅಂದರೆ ಮೊದಲ ದಿನದಿಂದಲೇ ಕ್ಲೇಮು ಕೇಳಬಹುದಾದ, ಮೊದಲೇ ಇದ್ದ ಕಾಯಿಲೆಗಳನ್ನೂ ಒಪ್ಪುವ ಒಳ್ಳೆಯ ರಕ್ಷಣೆ ಅದು. ಆದರೆ ಕೆಲಸ ಹೋದ ದಿನ ಅದೂ ಹೋಗುತ್ತದೆ. ನಲವತ್ತೈದು ದಾಟಿ, ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾದ ಮೇಲೆ ಹೊಸದಾಗಿ ಸ್ವಂತ ಪಾಲಿಸಿ ಹುಡುಕುವುದು ಎಷ್ಟು ಕಷ್ಟ ಎಂಬುದು ಆಗ ತಿಳಿಯುತ್ತದೆ.

ಒಬ್ಬರಿಗೆ, ಮನೆಗೆಲ್ಲ, ಮೇಲಿನದಕ್ಕೆ

ಸ್ವಂತ ಪಾಲಿಸಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮೊತ್ತವಿರುವ ವೈಯಕ್ತಿಕ ಪಾಲಿಸಿ ಮೊದಲನೆಯದು. ಇಡೀ ಮನೆಗೆ ಒಂದೇ ಮೊತ್ತವನ್ನು ಹಂಚಿಕೊಳ್ಳುವ ಫ್ಯಾಮಿಲಿ ಫ್ಲೋಟರ್ ಎರಡನೆಯದು. ಫ್ಲೋಟರ್ ಅಗ್ಗವಾಗಿ ಕಾಣುತ್ತದೆ, ಗಂಡ–ಹೆಂಡತಿ–ಸಣ್ಣ ಮಕ್ಕಳ ಮನೆಗೆ ನಿಜವಾಗಿಯೂ ಅಗ್ಗ. ಅದೇ ಪಾಲಿಸಿಗೆ ಅರವತ್ತೈದರ ತಂದೆಯನ್ನು ಸೇರಿಸಿದರೆ ಲೆಕ್ಕ ಕೆಡುತ್ತದೆ. ಪ್ರೀಮಿಯಂ ನಿಗದಿಯಾಗುವುದು ಸಾಮಾನ್ಯವಾಗಿ ಮನೆಯ ಹಿರಿಯ ಸದಸ್ಯರ ವಯಸ್ಸಿನ ಮೇಲೆ. ಜೊತೆಗೆ ವರ್ಷದ ಮೊತ್ತವನ್ನು ಹಿರಿಯರ ಒಂದು ಶಸ್ತ್ರಚಿಕಿತ್ಸೆಯೇ ನುಂಗಿಬಿಡಬಹುದು. ತಂದೆ–ತಾಯಿಗೆ ಬೇರೆಯೇ ಪಾಲಿಸಿ ಮಾಡಿಸಿ.

ಮೂರನೆಯದು ಸೂಪರ್ ಟಾಪ್-ಅಪ್. ಒಂದು ಮಿತಿಯವರೆಗಿನ ಖರ್ಚನ್ನು ನೀವು ಅಥವಾ ನಿಮ್ಮ ಮೂಲ ಪಾಲಿಸಿ ಭರಿಸಬೇಕು, ಅದರ ಮೇಲಿನದನ್ನು ಇದು ಕೊಡುತ್ತದೆ. ಆ ಮಿತಿಗೆ ಡಿಡಕ್ಟಿಬಲ್ ಎನ್ನುತ್ತಾರೆ. ಇಲ್ಲಿ ಒಂದು ಬಲೆ ಇದೆ: ‘ಟಾಪ್-ಅಪ್’ ಬೇರೆ, ‘ಸೂಪರ್ ಟಾಪ್-ಅಪ್’ ಬೇರೆ. ಮಿತಿ ಐದು ಲಕ್ಷ ಎಂದುಕೊಳ್ಳಿ. ಒಂದೇ ವರ್ಷದಲ್ಲಿ ಒಮ್ಮೆ ನಾಲ್ಕು ಲಕ್ಷದ ಬಿಲ್, ಇನ್ನೊಮ್ಮೆ ಮೂರು ಲಕ್ಷದ ಬಿಲ್ ಬಂತು. ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಯಾಗಿ ಅಳೆಯುತ್ತದೆ. ಎರಡೂ ಐದು ಲಕ್ಷಕ್ಕಿಂತ ಕಡಿಮೆ, ಹಾಗಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಸೂಪರ್ ಟಾಪ್-ಅಪ್ ಇಡೀ ವರ್ಷದ ಏಳು ಲಕ್ಷವನ್ನು ಕೂಡಿಸಿ ನೋಡಿ ಎರಡು ಲಕ್ಷ ಕೊಡುತ್ತದೆ. ಎರಡರ ಪ್ರೀಮಿಯಂ ಹೋಲಿಸಿ ‘ಇದು ಅಗ್ಗ’ ಎಂದು ಟಾಪ್-ಅಪ್ ಹಿಡಿಸುವವರು ಈ ಲೆಕ್ಕ ಹೇಳುವುದಿಲ್ಲ.

ರೂಂ ಬಾಡಿಗೆಯ ಲೆಕ್ಕ

ಎರಡು ಪಾಲಿಸಿಗಳನ್ನು ಮುಂದಿಟ್ಟುಕೊಂಡು ಒಂದೇ ಒಂದು ಸಾಲು ಓದಲು ಸಮಯವಿದ್ದರೆ, ರೂಂ ಬಾಡಿಗೆಯ ಸಾಲನ್ನು ಓದಿ.

ನಿಮ್ಮ ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿ ರೂಂ ಮಿತಿ ಇದೆ. ಆಸ್ಪತ್ರೆಯಲ್ಲಿ ಸಿಕ್ಕಿದ್ದು 8,000 ರೂಪಾಯಿಯ ರೂಂ, ಐದು ದಿನ ಇದ್ದಿರಿ. ಬಾಡಿಗೆಯೇ 40,000. ಶಸ್ತ್ರಚಿಕಿತ್ಸಕರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,60,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳು 1,00,000. ಒಟ್ಟು ಮೂರು ಲಕ್ಷ. ಹೆಚ್ಚಿನವರು ಅಂದುಕೊಳ್ಳುವುದು, ದಿನಕ್ಕೆ ಮೂರು ಸಾವಿರದಂತೆ ಹೆಚ್ಚುವರಿ 15,000 ನಾವು ಕಟ್ಟಿದರಾಯಿತು ಎಂದು. ಹಾಗಾಗುವುದಿಲ್ಲ. ರೂಂ ದರ ಏರಿದಂತೆ ಆಸ್ಪತ್ರೆಯ ಇತರ ಶುಲ್ಕಗಳೂ ಏರುತ್ತವೆ ಎಂಬ ಕಾರಣ ಕೊಟ್ಟು ವಿಮಾ ಕಂಪನಿ ಅವನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತದೆ. ಎಂಟರಲ್ಲಿ ಐದು ಭಾಗ: ಬಾಡಿಗೆಗೆ 25,000, ಶುಲ್ಕಗಳಿಗೆ 1,00,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳನ್ನು ಹೀಗೆ ಅನುಪಾತದಲ್ಲಿ ಕತ್ತರಿಸಬಾರದು ಎಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2020ರಿಂದ ಹೇಳಿರುವುದರಿಂದ ಆ ಒಂದು ಲಕ್ಷ ಪೂರ್ತಿ ಬರುತ್ತದೆ. ಒಟ್ಟು 2,25,000. ನಿಮ್ಮ ಕೈಯಿಂದ 75,000.

ಇದರ ಮೇಲೆ ಶೇ 5 ಕೋ-ಪೇ, ಅಂದರೆ ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಪಾಲು, ಇದ್ದರೆ ಇನ್ನೂ 11,250 ಹೋಯಿತು. ಕೈಗವಸು, ಮಾಸ್ಕ್, ದಾಖಲಾತಿ ಶುಲ್ಕದಂಥ ‘ಪಾವತಿಸಲಾಗದ’ ಬಾಬ್ತುಗಳು ಬೇರೆ. ಹೀಗೆ ಐದು ಲಕ್ಷದ ಪಾಲಿಸಿ ಇದ್ದೂ ಮೂರು ಲಕ್ಷದ ಬಿಲ್ಲಿಗೆ ಸುಮಾರು ತೊಂಬತ್ತು ಸಾವಿರ ಹೊಂದಿಸಬೇಕಾಗುತ್ತದೆ. ಪಾಲಿಸಿಯ ಮೊತ್ತ ಕೋಟಿ ಇದ್ದು ರೂಂ ಮಿತಿ ಇದೇ ಆಗಿದ್ದರೂ ಈ ಲೆಕ್ಕ ಒಂದಿಷ್ಟೂ ಬದಲಾಗುವುದಿಲ್ಲ.

ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕೆಂದು 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಅದರಲ್ಲಿ ರೂಂ ಬಾಡಿಗೆ ವಿಮಾ ಮೊತ್ತದ ಶೇ 2, ಗರಿಷ್ಠ ದಿನಕ್ಕೆ 5,000. ಐಸಿಯುಗೆ ಶೇ 5, ಗರಿಷ್ಠ 10,000. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಗರಿಷ್ಠ 40,000. ಎಲ್ಲ ಕ್ಲೇಮಿಗೂ ಶೇ 5 ಕೋ-ಪೇ. ಚಿಕ್ಕ ಊರಿನ ಆಸ್ಪತ್ರೆಗೆ ಇದು ಸಾಕಾಗುತ್ತದೆ. ಬೆಂಗಳೂರಿನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗೆ ಸಾಲದು. ಹೆಚ್ಚು ಪ್ರೀಮಿಯಂ ಕೇಳುವ ಪಾಲಿಸಿ ನಿಮ್ಮ ಮುಂದೆ ಬಂದಾಗ, ಈ ಮಿತಿಗಳಲ್ಲಿ ಯಾವುದನ್ನು ತೆಗೆದಿದೆ ಎಂದು ಕೇಳಿ. ರೂಂ ಮಿತಿಯನ್ನೂ ಕೋ-ಪೇಯನ್ನೂ ತೆಗೆದಿದ್ದರೆ ಹೆಚ್ಚಿನ ಹಣಕ್ಕೆ ಅರ್ಥವಿದೆ. ಜಿಮ್ ರಿಯಾಯಿತಿ, ಹೆಜ್ಜೆ ಎಣಿಸುವ ಆ್ಯಪ್, ವರ್ಷಕ್ಕೊಂದು ರಕ್ತಪರೀಕ್ಷೆ ಮಾತ್ರ ಸೇರಿಸಿದ್ದರೆ ಇಲ್ಲ.

ನಮ್ಮ ರಾಜ್ಯದವರು ಗಮನಿಸಬೇಕಾದ ಇನ್ನೊಂದು ಷರತ್ತು ವಲಯದ್ದು. ಹಲವು ಕಂಪನಿಗಳು ಊರಿಗೆ ತಕ್ಕಂತೆ ದರ ಇಡುತ್ತವೆ. ಹಾಸನದ ವಿಳಾಸ ಕೊಟ್ಟರೆ ಪ್ರೀಮಿಯಂ ಕಡಿಮೆ. ಆದರೆ ಕೆಲವು ಪಾಲಿಸಿಗಳಲ್ಲಿ ಮೇಲಿನ ವಲಯದ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ನೀವೇ ಭರಿಸಬೇಕು. ದೊಡ್ಡ ಕಾಯಿಲೆ ಬಂದಾಗ ಹಾಸನದವರು ಬೆಂಗಳೂರಿಗೆ ಬಾರದೆ ಇರುತ್ತಾರೆಯೇ? ಹಾಗೆಯೇ ಬೆಳಗಾವಿಯವರು ಮಿರಜ್‌ಗೆ, ಕಾಸರಗೋಡಿನವರು ಮಂಗಳೂರಿಗೆ, ಶಿವಮೊಗ್ಗದವರು ಮಣಿಪಾಲಕ್ಕೆ ಹೋಗುವುದು ರೂಢಿ. ಕಂಪನಿಯ ಪಟ್ಟಿಯಲ್ಲಿ ಸಾವಿರಾರು ಆಸ್ಪತ್ರೆಗಳಿವೆ ಎಂಬ ಮಾತಿಗಿಂತ, ನೀವು ನಿಜವಾಗಿ ಹೋಗುವ ಎರಡು ಆಸ್ಪತ್ರೆಗಳು ಅದರಲ್ಲಿವೆಯೇ ಎಂಬುದು ಮುಖ್ಯ. ಕಂಪನಿಯ ಜಾಲತಾಣದ ಪಟ್ಟಿ ಹಳೆಯದಾಗಿರಬಹುದು. ಆಸ್ಪತ್ರೆಯ ವಿಮಾ ಕೌಂಟರಿಗೆ ಫೋನ್ ಮಾಡಿ ಕೇಳಿ.

ಸಕ್ಕರೆ ಕಾಯಿಲೆ ಬರೆಯಬೇಕೆ, ಬಿಡಬೇಕೆ?

ಬರೆಯಬೇಕು. ಅರ್ಜಿ ತುಂಬುವಾಗ ‘ಬಿಪಿ, ಶುಗರ್ ಎಲ್ಲ ಬರೆಯಬೇಡಿ ಸಾರ್, ಪ್ರೀಮಿಯಂ ಏರುತ್ತದೆ’ ಎನ್ನುವ ಏಜೆಂಟರು ನಮ್ಮ ಕಡೆ ಇನ್ನೂ ಇದ್ದಾರೆ. ಅವರ ಕಮಿಷನ್ ಅಂದೇ ಬರುತ್ತದೆ, ಕ್ಲೇಮು ತಿರಸ್ಕಾರವಾಗುವ ದಿನ ಅವರು ಎದುರಿಗಿರುವುದಿಲ್ಲ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ‘ಆರು ವರ್ಷದಿಂದ ಮಧುಮೇಹ’ ಎಂದು ವೈದ್ಯರು ಬರೆದ ಒಂದು ಸಾಲು ಸಾಕು, ಕ್ಲೇಮೂ ಹೋಗುತ್ತದೆ, ಪಾಲಿಸಿಯೂ ರದ್ದಾಗಬಹುದು.

2024ರ ನಿಯಮಗಳು ಈ ವಿಷಯದಲ್ಲಿ ಗ್ರಾಹಕರ ಪರವಾಗಿ ಬದಲಾಗಿವೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಮೊದಲು ನಾಲ್ಕು ವರ್ಷದವರೆಗೆ ಇರಬಹುದಿತ್ತು. ಈಗ 36 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಸತತ 60 ತಿಂಗಳು ನಡೆದ ಪಾಲಿಸಿಯಲ್ಲಿ, ಸಾಬೀತಾದ ವಂಚನೆ ಇಲ್ಲದಿದ್ದರೆ, ‘ನೀವು ಹೇಳಿರಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ. ಈ ಅವಧಿ ಹಿಂದೆ ಎಂಟು ವರ್ಷ ಇತ್ತು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ವಯಸ್ಸಿನ ಗೋಡೆಯೂ ಬಿದ್ದಿದೆ. ಆದರೆ ಪ್ರತಿ ಅರ್ಜಿಯನ್ನೂ ಒಪ್ಪಲೇಬೇಕೆಂದೇನೂ ಇಲ್ಲ.

ಪಾಲಿಸಿ ಕೊಂಡ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗುವುದಿಲ್ಲ. ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆ ಮುಂತಾದವುಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಸಕ್ಕರೆ, ಬಿಪಿಗೆ ಒಂದನೇ ದಿನದಿಂದಲೇ ರಕ್ಷಣೆ ಕೊಡುವ ಪಾಲಿಸಿಗಳೂ ಇವೆ. ಐವತ್ತು ದಾಟಿದವರು ಆ ಹೆಚ್ಚುವರಿ ಹಣಕ್ಕೂ ಮೂರು ವರ್ಷದ ಕಾಯುವಿಕೆಗೂ ತೂಕ ಹಾಕಿ ನೋಡುವುದು ಲೇಸು.

ಈ ವರ್ಷದ ಬೆಲೆ, ಹತ್ತು ವರ್ಷದ ಬೆಲೆ

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ ಪೂರ್ತಿ ಹೋಗಿದೆ. ಫ್ಲೋಟರ್, ಹಿರಿಯ ನಾಗರಿಕರ ಪಾಲಿಸಿಗಳಿಗೂ ಇದು ಅನ್ವಯ. ಒಳ್ಳೆಯದೇ ಆಯಿತು. ಆದರೆ ಕಂಪನಿಗಳು ತಮ್ಮ ಖರ್ಚಿನ ಮೇಲೆ ಕಟ್ಟುವ ತೆರಿಗೆಯನ್ನು ಈಗ ಹೊಂದಿಸಿಕೊಳ್ಳುವಂತಿಲ್ಲ, ಹಾಗಾಗಿ ಮೂಲ ಪ್ರೀಮಿಯಂ ಕಡೆ ಒಂದು ಕಣ್ಣಿರಲಿ. ಆದಾಯ ತೆರಿಗೆಯ 80ಡಿ ವಿನಾಯಿತಿ, ಅಂದರೆ ಸ್ವಂತ ಕುಟುಂಬಕ್ಕೆ 25,000, ಹಿರಿಯ ನಾಗರಿಕರಿಗೆ 50,000 ರೂಪಾಯಿ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಮಾರ್ಚ್ ತಿಂಗಳಲ್ಲಿ ‘ತೆರಿಗೆ ಉಳಿಸಿ’ ಎಂದು ಬರುವ ಕರೆಗಳಲ್ಲಿ ಈ ಷರತ್ತು ಕೇಳಿಸುವುದಿಲ್ಲ.

ನಿಜವಾದ ಹೊರೆ ವಯಸ್ಸಿನ ಜೊತೆ ಬರುತ್ತದೆ. ಮೂವತ್ತರಲ್ಲಿ ಅಗ್ಗವಾಗಿದ್ದ ಪಾಲಿಸಿ ಅರವತ್ತರಲ್ಲಿ ಕಟ್ಟಲಾಗದಷ್ಟು ಏರಿದರೆ, ಬೇಕಾದ ಹೊತ್ತಿಗೇ ಅದನ್ನು ಬಿಡಬೇಕಾಗುತ್ತದೆ. ಆದ್ದರಿಂದ ಇಂದಿನ ಪ್ರೀಮಿಯಂ ಹೋಲಿಸಿ ನಿಲ್ಲಬೇಡಿ. ಕಂಪನಿಯ ಪ್ರಾಸ್ಪೆಕ್ಟಸ್‌ನಲ್ಲಿ ವಯಸ್ಸಿನ ಪ್ರಕಾರ ದರಪಟ್ಟಿ ಇರುತ್ತದೆ. 45, 60, 70ನೇ ವಯಸ್ಸಿನ ಸಾಲುಗಳನ್ನು ಇಂದೇ ನೋಡಿ. ಆ ದರಗಳೂ ಮುಂದೆ ಏರುತ್ತವೆ, ಆದರೆ ಏರುವ ವೇಗ ಯಾವ ಪಾಲಿಸಿಯಲ್ಲಿ ಹೆಚ್ಚು ಎಂಬ ಅಂದಾಜು ಸಿಗುತ್ತದೆ. 60 ವರ್ಷ ತುಂಬಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮೊದಲು ತನ್ನೊಂದಿಗೆ ಸಮಾಲೋಚಿಸಬೇಕು ಎಂದು ಐಆರ್‌ಡಿಎಐ 2025ರ ಜನವರಿಯಲ್ಲಿ ಕಂಪನಿಗಳಿಗೆ ಸೂಚಿಸಿದೆ.

ಮಾರುವವರ ಮಾತು

‘ದಿನಕ್ಕೆ ಒಂದು ಕಾಫಿಯ ಬೆಲೆಗೆ ಒಂದು ಕೋಟಿ’ ಎಂಬಂಥ ಜಾಹೀರಾತಿನ ಕೆಳಗೆ ಸಣ್ಣ ಅಕ್ಷರಗಳಿರುತ್ತವೆ: ಇಪ್ಪತ್ತರ ಹರೆಯದ, ಒಬ್ಬಂಟಿ, ಯಾವ ಕಾಯಿಲೆಯೂ ಇಲ್ಲದ, ಕೆಳಗಿನ ವಲಯದ ಊರಿನ ವ್ಯಕ್ತಿಗೆ ಆ ದರ. ಹಲವು ಬಾರಿ ಆ ಕೋಟಿಯಲ್ಲಿ ಐದೋ ಹತ್ತೋ ಲಕ್ಷ ಮಾತ್ರ ಮೂಲ ಪಾಲಿಸಿ, ಮಿಕ್ಕದ್ದು ಅದರ ಮೇಲೆ ಹೊಂದಿಸಿದ ಸೂಪರ್ ಟಾಪ್-ಅಪ್. ಅದರಲ್ಲಿ ಮೋಸವೇನಿಲ್ಲ, ಒಳ್ಳೆಯ ಜೋಡಿಯೂ ಹೌದು. ಆದರೆ ಎರಡು ಪಾಲಿಸಿಗಳ ಷರತ್ತುಗಳನ್ನು ಬೇರೆ ಬೇರೆಯಾಗಿ ಓದಬೇಕು.

‘ಮೊತ್ತ ಮುಗಿದರೆ ಮತ್ತೆ ತುಂಬುತ್ತೇವೆ’ ಎಂಬ ರೆಸ್ಟೋರೇಷನ್ ಸೌಲಭ್ಯವೂ ಹೀಗೆಯೇ. ಅದೇ ಕಾಯಿಲೆಗೆ, ಅದೇ ವ್ಯಕ್ತಿಗೆ ಮತ್ತೆ ಸಿಗುತ್ತದೆಯೇ? ಮೊತ್ತ ಪೂರ್ತಿ ಮುಗಿದ ಮೇಲೆಯೋ, ಸ್ವಲ್ಪ ಬಳಸಿದರೂ ಆಗುತ್ತದೆಯೋ? ಉತ್ತರ ಪಾಲಿಸಿಯಿಂದ ಪಾಲಿಸಿಗೆ ಬೇರೆ.

ಅಂಕಿಗಳ ಆಟವನ್ನು ಬಿಡಿಸಿ ಹೇಳಬೇಕು. ‘ಶೇ 98 ಕ್ಲೇಮು ಇತ್ಯರ್ಥ’ ಎಂಬಂಥ ಫಲಕಗಳಲ್ಲಿ ಕ್ಲೇಮುಗಳ ಸಂಖ್ಯೆ ಇರುತ್ತದೆ, ಹಣ ಇರುವುದಿಲ್ಲ. ಮೂರು ಲಕ್ಷ ಕೇಳಿದವರಿಗೆ ಎರಡು ಲಕ್ಷ ಕೊಟ್ಟರೂ ಅದು ಇತ್ಯರ್ಥವೇ. ಇನ್ನೊಂದು ಅಳತೆ, ಬಂದ ಪ್ರೀಮಿಯಂನಲ್ಲಿ ಎಷ್ಟು ಭಾಗ ಕ್ಲೇಮಿಗೆ ಹೋಯಿತು ಎಂಬುದು. 2023–24ರಲ್ಲಿ ಆರೋಗ್ಯ ವಿಮೆ ಮಾತ್ರ ಮಾರುವ ಕಂಪನಿಗಳಲ್ಲಿ ಇದು ಶೇ 65ರ ಆಸುಪಾಸು ಇತ್ತು, ಸರ್ಕಾರಿ ಕಂಪನಿಗಳಲ್ಲಿ ನೂರನ್ನು ದಾಟಿತ್ತು. ಹಾಗೆಂದು ಸರ್ಕಾರಿ ಕಂಪನಿಗಳದ್ದೇ ಉದಾರ ಕೈ ಎಂದು ಹಿಗ್ಗಬೇಡಿ. ಅವುಗಳ ವ್ಯವಹಾರದಲ್ಲಿ ಕಂಪನಿಗಳ ಗುಂಪು ವಿಮೆಯದ್ದೇ ದೊಡ್ಡ ಪಾಲು, ಅಲ್ಲಿ ಕ್ಲೇಮು ಸಹಜವಾಗಿ ಹೆಚ್ಚು. ವೈಯಕ್ತಿಕ ಪಾಲಿಸಿಯ ಅಂಕಿಯನ್ನು ಬೇರೆಯಾಗಿ ಕೇಳಿ.

2023ರ ಏಪ್ರಿಲ್‌ನಿಂದ ಏಜೆಂಟರ ಕಮಿಷನ್‌ಗೆ ಪಾಲಿಸಿವಾರು ಮಿತಿ ಇಲ್ಲ. ಕಂಪನಿಯ ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಾತ್ರ ಮಿತಿ ಇದೆ: ಆರೋಗ್ಯ ವಿಮೆಯ ಪ್ರತ್ಯೇಕ ಕಂಪನಿಗಳಿಗೆ ಪ್ರೀಮಿಯಂನ ಶೇ 35, ಸಾಮಾನ್ಯ ವಿಮಾ ಕಂಪನಿಗಳಿಗೆ ಶೇ 30. ಹೋಲಿಕೆ ಮಾಡಿಕೊಡುವ ಆನ್‌ಲೈನ್ ತಾಣಗಳೂ ಪಾಲಿಸಿ ಮಾರಿಯೇ ಗಳಿಸುವುದು. ಮೊದಲ ಸಾಲಿನಲ್ಲಿ ಕಾಣುವುದು ನಿಮಗೆ ಅತ್ಯುತ್ತಮವಾದದ್ದು ಎಂದೇನೂ ಇಲ್ಲ. ಬ್ಯಾಂಕಿನಲ್ಲಿ ಗೃಹಸಾಲದ ಕಾಗದಗಳ ನಡುವೆ ವಿಮೆಯ ಅರ್ಜಿ ಸೇರಿಸಿ ಸಹಿ ಹಾಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ‘ಬೇಡ’ ಎನ್ನಲು ಜನ ಹೆದರುತ್ತಾರೆ. ನಮ್ಮೂರಿನಲ್ಲೇ ಇರುವ, ಕ್ಲೇಮಿನ ಕಾಗದ ಹಿಡಿದು ಆಸ್ಪತ್ರೆಗೆ ಬರುವ ಏಜೆಂಟ್ ಸಿಕ್ಕರೆ ಅವರ ಕಮಿಷನ್‌ಗೆ ನನ್ನ ತಕರಾರಿಲ್ಲ. ಅವರನ್ನು ಪರೀಕ್ಷಿಸಲು ಒಂದು ದಾರಿ: ಪಾಲಿಸಿಯ ಗ್ರಾಹಕ ಮಾಹಿತಿ ಪತ್ರ ತೋರಿಸಿ ಎನ್ನಿ. ಮಿತಿ, ಕೋ-ಪೇ, ಕಾಯುವ ಅವಧಿ ಎಲ್ಲವೂ ಸರಳವಾಗಿ ಇರಬೇಕಾದ ಪತ್ರ ಅದು, ಕೊಡುವುದು ಕಡ್ಡಾಯ. ಅದನ್ನು ಬಿಟ್ಟು ಬಣ್ಣದ ಕರಪತ್ರ ತೆಗೆದರೆ ಅಲ್ಲಿಗೇ ಕೈಮುಗಿದುಬಿಡಿ.

ಯಾರಿಗೆ ಯಾವುದು

ಇಪ್ಪತ್ತೆಂಟರ, ಕಂಪನಿಯ ವಿಮೆ ಇರುವ ಒಬ್ಬಂಟಿಗೆ ಐದರಿಂದ ಹತ್ತು ಲಕ್ಷದ, ರೂಂ ಮಿತಿಯಿಲ್ಲದ ವೈಯಕ್ತಿಕ ಪಾಲಿಸಿ ಸಾಕು. ಕಾಯುವ ಅವಧಿಗಳು ಆರೋಗ್ಯ ಚೆನ್ನಾಗಿರುವಾಗಲೇ ಕಳೆದುಹೋಗುತ್ತವೆ ಎಂಬುದೇ ಮುಖ್ಯ ಲಾಭ. ನಲವತ್ತರ ದಂಪತಿ, ಇಬ್ಬರು ಮಕ್ಕಳ ಮನೆಗೆ ಹತ್ತು ಲಕ್ಷದ ಫ್ಲೋಟರ್, ಅದರ ಮೇಲೆ ಹತ್ತು ಲಕ್ಷ ಡಿಡಕ್ಟಿಬಲ್‌ನ ಸೂಪರ್ ಟಾಪ್-ಅಪ್. ಅರವತ್ತೈದು ದಾಟಿದ, ಸಕ್ಕರೆ–ಬಿಪಿ ಇರುವ ತಂದೆ–ತಾಯಿಯ ವಿಷಯ ಕಠಿಣ. ಕೋ-ಪೇ ಇಲ್ಲದ ಪಾಲಿಸಿಯ ಪ್ರೀಮಿಯಂ ನಿಭಾಯಿಸಲಾಗದಿದ್ದರೆ, ಆರೋಗ್ಯ ಸಂಜೀವಿನಿ ಅಥವಾ ಶೇ 20 ಕೋ-ಪೇಯ ಪಾಲಿಸಿಯನ್ನಾದರೂ ತೆಗೆದುಕೊಂಡು, ಕೋ-ಪೇಗೆ ಬೇಕಾಗುವ ಹಣವನ್ನು ಎಫ್‌ಡಿಯಲ್ಲಿ ಇಡಿ. ವಿಮೆಯೇ ಸಿಗದಿದ್ದರೆ, ಉಳಿತಾಯವನ್ನೇ ಮೂಲವಾಗಿಟ್ಟುಕೊಂಡು ಸೂಪರ್ ಟಾಪ್-ಅಪ್ ಒಂದಕ್ಕೇ ಅರ್ಜಿ ಹಾಕಿ ನೋಡಬಹುದು.

ಪಾಲಿಸಿ ಕೈಗೆ ಬಂದ ಮೇಲೂ 30 ದಿನ ಸಮಯವಿದೆ; ಓದಿ, ಒಪ್ಪಿಗೆಯಾಗದಿದ್ದರೆ ಮರಳಿಸಬಹುದು. ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುವ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದು ಕಂಪನಿಯ ತಲೆಯ ಮೇಲೆ. ಕ್ಲೇಮು ನಿರಾಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಕಂಪನಿಯ ಕುಂದುಕೊರತೆ ವಿಭಾಗ 30 ದಿನದಲ್ಲಿ ಸರಿಪಡಿಸದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ತಾಣವಿದೆ, ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು.

ಈಗಿರುವ ಪಾಲಿಸಿ ಸರಿಯಿಲ್ಲ ಎನಿಸಿದರೆ ಅದನ್ನು ಕೈಬಿಟ್ಟು ಹೊಸದು ಕೊಳ್ಳಬೇಡಿ. ಪೋರ್ಟ್ ಮಾಡಿಸಿದರೆ, ಅಂದರೆ ಅದನ್ನೇ ಬೇರೆ ಕಂಪನಿಗೆ ವರ್ಗಾಯಿಸಿಕೊಂಡರೆ, ಇಷ್ಟು ವರ್ಷ ಕಳೆದ ಕಾಯುವ ಅವಧಿ ಹಳೆಯ ವಿಮಾ ಮೊತ್ತದ ಮಟ್ಟಿಗೆ ಜೊತೆಗೇ ಬರುತ್ತದೆ. ನವೀಕರಣದ ದಿನಾಂಕಕ್ಕೆ 45 ದಿನ ಮೊದಲೇ ಹೊಸ ಕಂಪನಿಗೆ ಅರ್ಜಿ ಹಾಕಿ. ಅವರು ಒಪ್ಪಿದ್ದು ಖಚಿತವಾಗುವವರೆಗೆ ಹಳೆಯ ಪಾಲಿಸಿ ನಡೆಯುತ್ತಿರಲಿ.